ಗುಲಾಬಿ ಪಾತಿ ಇದ್ದ ಜಾಗ

ನಮ್ಮ ದೊಡ್ಡಮ್ಮ ಮನೆಯಂಗಳಕ್ಕೆ ನಕ್ಷೆ ಬರೆಯುವವಳು. ಮನೆಗೆ ನಕ್ಷೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ಮನೆ ಕಟ್ಟಿ ಮುಗಿದ ಮೇಲೆ ಸುತ್ತ ಉಳಿಯುವ ಜಲ್ಲಿ, ಒಡೆದ ಇಟ್ಟಿಗೆ, ಸಿಮೆಂಟಿನ ಖಾಲಿ ಚೀಲಗಳ ಜಾಗವನ್ನು ತೋಟ ಮಾಡುವುದು ಹೇಗೆಂದು ಹೇಳುವವರು ನಮ್ಮ ಊರಿನಲ್ಲಿ ಆಗ ಅವಳೊಬ್ಬಳೇ. ಗಾರೆಯವರು, ಪೈಪಿನವರು, ಸಸಿ ಮಾರುವವರು ಎಲ್ಲರೂ ಅವಳನ್ನು ‘ನಕ್ಷೆಯಕ್ಕ’ ಎನ್ನುತ್ತಿದ್ದರು. ನಿಜವಾದ ಹೆಸರು ಹಿಡಿದು ಕೇಳಿಕೊಂಡು ಬಂದವರಿಗೆ ನಮ್ಮ ಬೀದಿಯಲ್ಲಿ ಯಾರೂ ದಾರಿ ತೋರಿಸಲಾರರು.

ಕರೆದ ಮನೆಯಲ್ಲಿ ಮೊದಲ ದಿನ ಅವಳು ಪೆನ್ಸಿಲ್ಲನ್ನೇ ಹೊರಗೆ ತೆಗೆಯುತ್ತಿರಲಿಲ್ಲ. ಮಡಚುವ ಕುರ್ಚಿಯೊಂದನ್ನು ಹಾಕಿಕೊಂಡು ಬೆಳಿಗ್ಗೆ ಒಂದು ಗಂಟೆ, ಮಧ್ಯಾಹ್ನ ಒಂದು ಗಂಟೆ, ಸಂಜೆ ಒಂದು ಗಂಟೆ ಸುಮ್ಮನೆ ಕೂರುವುದು. ಬಿಸಿಲು ಎಲ್ಲಿಂದ ಎಲ್ಲಿಗೆ ಸರಿಯಿತು, ಗಾಳಿ ಯಾವ ಮೂಲೆಯಲ್ಲಿ ಕಸ ಗುಡ್ಡೆ ಹಾಕಿತು, ಒಂದು ಕೊಡ ನೀರು ಚೆಲ್ಲಿದರೆ ಯಾವ ಕಡೆಗೆ ಓಡಿತು, ಇಷ್ಟನ್ನೇ ನೋಡುವುದು. ಆಮೇಲೆ ಮನೆಯವರನ್ನು ಕೂರಿಸಿಕೊಂಡು ಪ್ರಶ್ನೆ ಕೇಳುವಳು. “ಪಾತ್ರೆ ತೊಳೆಯೋವಾಗ ಯಾವ ಕಿಟಕಿಯಿಂದ ಆಚೆ ನೋಡ್ತೀರಿ? ಬಟ್ಟೆ ಎಲ್ಲಿ ಒಣಗಿಸ್ತೀರಿ? ಜಗಳ ಆದ್ಮೇಲೆ ಯಾರು ಎಲ್ಲಿ ಹೋಗಿ ಕೂರ್ತೀರಿ?” ಕೊನೆಯ ಪ್ರಶ್ನೆಗೆ ಗಂಡ ಹೆಂಡತಿ ಮುಖ ಮುಖ ನೋಡಿಕೊಳ್ಳುವರು. ಅವಳು ನಗದೆ ಬರೆದುಕೊಳ್ಳುವಳು. ಅಷ್ಟಾದ ಮೇಲೆ ಹಗ್ಗ, ಗೂಟ, ಟೇಪು. ಹುಲ್ಲುಹಾಸಿಗೆ ಇಷ್ಟು, ಕಾಲುದಾರಿಗೆ ಇಷ್ಟು, ಪಾತಿಗೆ ಇಷ್ಟು ಎಂದು ಸುಣ್ಣದ ಪುಡಿಯಲ್ಲಿ ನೆಲದ ಮೇಲೆಯೇ ಗೆರೆ ಎಳೆದು, ಮನೆಯವರನ್ನು ಆ ಗೆರೆಗಳ ನಡುವೆ ಓಡಾಡಿಸಿ ನೋಡಿದ ಮೇಲೆಯೇ ಕಾಗದದ ಮಾತು.

ದೊಡ್ಡಪ್ಪ ತೀರಿಕೊಂಡ ಮೇಲೆ ನಾನು ಅವಳ ಜೊತೆಗೇ ಇದ್ದೆ. ಅಲ್ಲಿಂದಲೇ ಶಾಲೆಗೆ ಪಾಠ ಮಾಡಲು ಹೋಗುತ್ತಿದ್ದೆ. ದೊಡ್ಡಮ್ಮ ಹೆದರುವ ಹೆಂಗಸಲ್ಲ. ತೂಕ ನೋಡುವ ಯಂತ್ರವೊಂದನ್ನು ಬಿಟ್ಟರೆ ಅವಳು ಇನ್ನಾವುದಕ್ಕೂ ದಾರಿ ಬಿಟ್ಟುಕೊಟ್ಟದ್ದನ್ನು ನಾನು ಕಂಡಿರಲಿಲ್ಲ. ಅವಳಿಗೆ ಐವತ್ತೆಂಟಾಗಿದ್ದಾಗಿನ ಆ ಒಂದು ಭಾನುವಾರದವರೆಗೆ.

ಬೆಳಿಗ್ಗೆ ಹತ್ತೂವರೆ ಇರಬೇಕು. ಅವಳು ಅಡುಗೆಮನೆಯಲ್ಲಿ ಕೂತು ಹುರುಳಿಕಾಯಿ ಬಿಡಿಸುತ್ತಿದ್ದಳು. ಫೋನು ಬಂತು. ಕೈ ಒದ್ದೆಯಿದ್ದುದರಿಂದ ನಾನೇ ಸ್ಪೀಕರಿಗೆ ಹಾಕಿ ಅವಳ ಮುಂದಿಟ್ಟೆ.

“ನಕ್ಷೆಯಕ್ಕ ಅಂದ್ರೆ ನೀವೇನಾ? ನಾನು ಹಲ್ಲಿನ ಡಾಕ್ಟರು. ಹೆಡ್ ಮಾಸ್ತರ ಮನೆ ತಗೊಂಡಿದ್ದೀವಲ್ಲ, ಅದೇ. ಆ ತೋಟ ನೀವೇ ಮಾಡಿಸಿದ್ದಂತೆ.”

“ಹೌದು, ನಾನೇ. ಹೇಳಿ ಸಾರ್.”

“ಏನಿಲ್ಲ, ಹಿಂದುಗಡೆ ಒಂದು ದೊಡ್ಡ ಗುಲಾಬಿ ಪಾತಿ ಇತ್ತು ನೋಡಿ, ಬರೀ ಮುಳ್ಳು. ಮಕ್ಕಳಿಗೆ ಚುಚ್ಚತ್ತೆ ಅಂತ ಹೋದ್ವರ್ಷ ಕಿತ್ತಾಕಿ ಪೂರ್ತಿ ಹುಲ್ಲು ಮಾಡಿಸ್ದೆ. ಈಗ ಅಲ್ಲೊಂದು ಕಡೆ ನೆಲ ತಟ್ಟೆ ಥರ ಕುಗ್ಗಿದೆ. ಎರಡು ಚೀಲ ಮಣ್ಣು ಹಾಕಿಸ್ದೆ, ಮತ್ತೆ ಕುಗ್ತು. ನೀರು ಬಿಟ್ರೆ ನಿಲ್ಲೋದೇ ಇಲ್ಲ, ಎಲ್ಲೋ ಹೋಗ್ಬಿಡತ್ತೆ. ಮುಂದಿನ ವಾರ ಬಿಡುವಾದ್ರೆ ಬಂದು ನೋಡ್ತೀರಾ? ಇವತ್ತು ಬೇಡ, ಇವತ್ತು ನಮ್ಮಮ್ಮಂಗೆ ಎಂಬತ್ತು ತುಂಬಿದ್ದಕ್ಕೆ ಊಟ ಇಟ್ಕೊಂಡಿದ್ದೀವಿ. ಅಲ್ಲೇ ಹುಲ್ಲಿನ ಮೇಲೆ ಒಂದು ನಲವತ್ತು ಜನ...”

ಅಷ್ಟರಲ್ಲಿ ಆ ಕಡೆ ಯಾರೋ ಕರೆದರು. ಡಾಕ್ಟರು “ಇಡ್ತೀನಿ” ಎಂದು ಇಟ್ಟೇಬಿಟ್ಟರು.

ದೊಡ್ಡಮ್ಮನ ಕೈಯಲ್ಲಿದ್ದ ಹುರುಳಿಕಾಯಿ ಹಾಗೇ ಇತ್ತು. ಮುಖದ ಬಣ್ಣ ಇಳಿದುಹೋಗಿತ್ತು. “ಏನಾಯ್ತು ದೊಡ್ಡಮ್ಮ?” ಎಂದೆ. ಅವಳು ಎದ್ದಳು. ಮಡಿಲಲ್ಲಿದ್ದ ಕಾಯೆಲ್ಲ ನೆಲಕ್ಕೆ ಚೆಲ್ಲಿತು. ಅದನ್ನು ದಾಟಿಕೊಂಡು ಕೋಣೆಗೆ ಹೋಗಿ, ಮಂಚದ ಕೆಳಗಿನ ಟ್ರಂಕು ಎಳೆದು, ಸುರುಳಿ ಸುತ್ತಿದ ಹಳೆಯ ನಕ್ಷೆಗಳನ್ನು ಒಂದೊಂದಾಗಿ ಬಿಚ್ಚಿ ಎಸೆಯತೊಡಗಿದಳು.

“ಡಾಕ್ಟರಿಗೆ ಫೋನ್ ಮಾಡು. ಮಾಡ್ತಾನೇ ಇರು. ಎಲ್ರೂ ಹುಲ್ಲಿನಿಂದ ಆಚೆ ಬರ್ಲಿ ಅನ್ನು.”

ಮಾಡಿದೆ. ಬೆಲ್ಲು ಹೋಯಿತು, ಎತ್ತಲಿಲ್ಲ. ಇನ್ನೊಮ್ಮೆ, ಮತ್ತೊಮ್ಮೆ. ಎತ್ತಲಿಲ್ಲ.

ಬೇಕಾದ ಹಾಳೆ ಸಿಕ್ಕಿತು. ಹದಿನಾಲ್ಕು ವರ್ಷದ ಹಿಂದಿನದು. ಹಿಂದಿನ ಕಾಂಪೌಂಡಿನ ಹತ್ತಿರ ಗುಲಾಬಿ ಪಾತಿ ಎಂದು ಬರೆದಿದ್ದ ಕಡೆ, ಅದರೊಳಗೆ, ಕೆಂಪು ಪೆನ್ಸಿಲ್ಲಿನಲ್ಲಿ ಒಂದು ವೃತ್ತ. ಪಕ್ಕದಲ್ಲಿ ಅವಳದೇ ಸಣ್ಣ ಅಕ್ಷರ: ‘ಬಾವಿ. ಮಳೆ ಕಳೆದ ಮೇಲೆ ತುಂಬಿಸಬೇಕು.’

ನಡೆದದ್ದು ಇಷ್ಟು. ಹೆಡ್ ಮಾಸ್ತರ ಮನೆ ಹಿತ್ತಲಲ್ಲಿ ಯಾವ ಕಾಲದ್ದೋ ಒಂದು ಬಾವಿ ಇತ್ತು. ಮೂವತ್ತೈದು ಅಡಿ ಆಳ, ತಳದಲ್ಲಿ ಸ್ವಲ್ಪ ನೀರು. ಹತ್ತು ದಿನದಲ್ಲಿ ಮಗಳ ಮದುವೆ, ಅಷ್ಟರಲ್ಲಿ ತೋಟ ಆಗಲೇಬೇಕೆಂದು ಮಾಸ್ತರು ಪಟ್ಟು ಹಿಡಿದಿದ್ದರು. ಮಳೆ ಶುರುವಾಗಿ ಮಣ್ಣಿನ ಲಾರಿ ಒಳಗೆ ಬರುವಂತಿರಲಿಲ್ಲ. ಬಾಯಿಗೆ ನಾಲ್ಕು ಕಬ್ಬಿಣದ ತೊಲೆ ಅಡ್ಡ ಹಾಕಿ, ಮೇಲೆ ಕಲ್ಲುಚಪ್ಪಡಿ ಹೊದಿಸಿ, ಅದರ ಮೇಲೆ ಒಂದೂವರೆ ಅಡಿ ಮಣ್ಣು ಹಾಕಿ ಮುಚ್ಚಿದರು. ಸದ್ಯಕ್ಕೆ ಅಂತ. ಮೇಲೆ ಯಾರೂ ಕಾಲಿಡಬಾರದೆಂದು ದೊಡ್ಡಮ್ಮನೇ ಹುಡುಕಿ ಹುಡುಕಿ ಮುಳ್ಳು ಜಾಸ್ತಿ ಇರುವ ಗುಲಾಬಿ ತರಿಸಿ ನೆಡಿಸಿದಳು. ಮಳೆ ಕಳೆಯಿತು. ಮಾಸ್ತರು “ಹೂವು ಬಿಟ್ಟಿದೆ, ಈಗ್ಯಾಕೆ ಕೀಳೋದು” ಅಂದರು. ಅವಳೂ ಬೇರೆ ಮನೆಯ ಕೆಲಸ ಹಿಡಿದಿದ್ದಳು. ಮಾಸ್ತರು ತೀರಿಕೊಂಡರು, ಮಗಳು ಮನೆ ಮಾರಿದಳು. ಬಾವಿಯ ಮಾತು ಯಾರ ಬಾಯಲ್ಲೂ ಬರಲಿಲ್ಲ.

ಸ್ಕೂಟರು ನಾನೇ ಓಡಿಸಿದೆ. ಮನೆ ಊರಿನ ಆ ತುದಿಯಲ್ಲಿ, ಇಪ್ಪತ್ತು ನಿಮಿಷದ ದಾರಿ. ದೊಡ್ಡಮ್ಮ ಹಿಂದೆ ಕೂತು, ಅವತ್ತು ತೊಲೆ ಹಾಕಿದ್ದ ಗಾರೆ ಮೇಸ್ತ್ರಿಗೆ ಫೋನು ಮಾಡಿದಳು. ಗಾಳಿಯಲ್ಲಿ ಕೇಳಿಸದೆ ಕೂಗಿ ಕೂಗಿ ಮಾತಾಡಿದಳು. ಫೋನು ಇಟ್ಟ ಮೇಲೆ ನನ್ನ ಹೆಗಲನ್ನು ಹಿಡಿದ ಕೈ ಇನ್ನೂ ಬಿಗಿಯಾಯಿತು.

“ಏನಂದ ಮೇಸ್ತ್ರಿ?”

“ಹಾಕ್ದಾಗ್ಲೇ ಅದು ಹಳೇ ಕಬ್ಬಿಣವಂತೆ. ಯಾವುದೋ ಶೆಡ್ಡು ಬಿಚ್ಚಿದ್ದಂತೆ. ‘ಅಕ್ಕಾ, ಒಂದು ಮಳೆಗಾಲಕ್ಕಲ್ವಾ ಅಂತ ಹಾಕ್ದೆ’ ಅಂದ. ಹಾರೆ ತಗೊಂಡು ಬರ್ತಿದ್ದಾನೆ.” ಆಮೇಲೆ ನನ್ನ ಕಿವಿಯ ಹತ್ತಿರ ಬಾಗಿ, “ಹದಿನಾಲ್ಕು ಮಳೆಗಾಲ ಆಯ್ತು ಕಣೇ” ಎಂದಳು.

ಪೇಟೆಯ ದೊಡ್ಡ ಸರ್ಕಲ್ಲಿನಲ್ಲಿ ಲಾರಿಯೊಂದು ಅಡ್ಡ ನಿಂತು ವಾಹನಗಳೆಲ್ಲ ಸಿಕ್ಕಿಹಾಕಿಕೊಂಡಿದ್ದವು. ನಾವು ನಿಂತದ್ದು ನಾಲ್ಕು ನಿಮಿಷವೋ ಐದೋ. ಅಷ್ಟರಲ್ಲಿ ಅವಳು ಏಳು ಸಲ ಡಾಕ್ಟರಿಗೆ ಫೋನು ಮಾಡಿದಳು, ಎತ್ತಲಿಲ್ಲ. ಅವಳ ಎದೆ ಬಡಿದುಕೊಳ್ಳುವುದು ನನ್ನ ಬೆನ್ನಿಗೆ ತಿಳಿಯುತ್ತಿತ್ತು. ಒಂದು ಸಲ ಅವಳು ನನಗಲ್ಲ, ತನಗೇ ಎಂಬಂತೆ, “ನಲವತ್ತು ಜನ” ಎಂದಳು.

ಗೇಟಿನ ಹತ್ತಿರ ಬಂದಾಗ ಒಳಗಿನಿಂದ ಹಾಡು ಕೇಳಿಸಿತು, ನಗು ಕೇಳಿಸಿತು. ನಗು ಕೇಳಿ ಜೀವ ಬಂದಂತಾಯಿತು. ಇನ್ನೂ ಏನೂ ಆಗಿಲ್ಲ. ಮನೆಯ ಪಕ್ಕದ ಕಾಲುದಾರಿಯಲ್ಲಿ ಹಿತ್ತಲಿಗೆ ಓಡಿದೆವು. ಅಲ್ಲಿ ಕಂಡದ್ದಕ್ಕೆ ಬಂದ ಜೀವ ಮತ್ತೆ ಬಾಯಿಗೆ ಬಂತು.

ಫೋಟೋ ತೆಗೆಯುವವನು ಎಲ್ಲರನ್ನೂ ಸಾಲಾಗಿ ನಿಲ್ಲಿಸುತ್ತಿದ್ದ. ಮುಂದೆ ಒಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಅಜ್ಜಿ, ಅವರ ಕಾಲ ಹತ್ತಿರ ಮಕ್ಕಳು, ಹಿಂದೆ ಎರಡು ಸಾಲು ದೊಡ್ಡವರು. “ಇನ್ನೂ ಹತ್ತಿರ ಬನ್ನಿ ಸಾರ್. ಒತ್ತಾಗಿ ನಿಂತ್ಕೊಳ್ಳಿ. ಆ ತುದೀಲಿರೋರು ಮಧ್ಯಕ್ಕೆ ಬನ್ನಿ” ಎಂದು ಅವನು ಕೈಬೀಸಿ ಕರೆಯುತ್ತಿದ್ದ. ದೊಡ್ಡಮ್ಮ ಕಾಂಪೌಂಡನ್ನು ನೋಡಿದಳು, ಅಡುಗೆಮನೆಯ ಗೋಡೆಯನ್ನು ನೋಡಿದಳು. ಕಾಂಪೌಂಡಿನಿಂದ ಹನ್ನೊಂದು ಅಡಿ, ಗೋಡೆಯಿಂದ ಇಪ್ಪತ್ತಾರು ಅಡಿ, ಬಾಯಿಯ ಅಗಲ ಏಳು ಅಡಿ. ಕಣ್ಣಳತೆಯಲ್ಲೇ ಅವಳಿಗೆ ಗೊತ್ತಾಯಿತು. ಅವರೆಲ್ಲ ಒತ್ತಾಗಿ ಬಂದು ನಿಲ್ಲುತ್ತಿದ್ದದ್ದು ಸರಿಯಾಗಿ ಅದೇ ಜಾಗದಲ್ಲಿ.

ಡಾಕ್ಟರು ಸಾಲಿನ ತುದಿಯಲ್ಲಿದ್ದರು. ಅವಳು ಅವರ ತೋಳು ಹಿಡಿದು ಈಚೆಗೆ ಎಳೆದಳು.

“ಸಾರ್, ನಾನು ನಕ್ಷೆಯಕ್ಕ. ಎಲ್ಲರನ್ನೂ ಹುಲ್ಲಿನಿಂದ ಆಚೆ ಕಳಿಸಿ. ಈಗ್ಲೇ. ಇದ್ರ ಕೆಳಗೆ ಬಾವಿ ಇದೆ.”

ಅವರು ನಕ್ಕರು. “ಅಯ್ಯೋ, ಇವತ್ತೇ ಯಾಕೆ ಬಂದ್ರಿ? ಬಂದಿದ್ದೀರಿ, ಊಟ ಮಾಡ್ಕೊಂಡ್ ಹೋಗಿ. ಯಾವ ಬಾವಿ? ಪತ್ರದಲ್ಲೆಲ್ಲೂ ಬಾವಿ ಇಲ್ವಲ್ಲ.”

“ಪತ್ರದಲ್ಲಿಲ್ಲ ಸಾರ್. ನನ್ನ ನಕ್ಷೇಲಿದೆ.”

“ಒಂದು ಫೋಟೋ ಆಗ್ಲಿ, ಬಂದೆ” ಎಂದು ಡಾಕ್ಟರು ತಿರುಗಿದರು.

ಬಾವಿ ಬಾವಿ ಎಂದು ಕೂಗಿದರೆ ಏನಾಗುತ್ತದೆಂದು ಅವಳಿಗೆ ಆ ಕ್ಷಣದಲ್ಲೇ ಹೊಳೆದಿತ್ತಂತೆ. ಜನ ಒಬ್ಬರ ಮೇಲೊಬ್ಬರು ಬೀಳುವರು, ತುಳಿಯುವರು, ಆ ತುಳಿತಕ್ಕೇ ತೊಲೆ ಮುರಿಯುವುದು. ಅವಳು ಕೂಗಲಿಲ್ಲ. ಅಡುಗೆಮನೆಯ ಹಿಂದಕ್ಕೆ ಓಡಿದಳು, ನಾನೂ ಹಿಂದೆ ಓಡಿದೆ. ಅಲ್ಲಿ ನೆಲದಲ್ಲಿ ಇಟ್ಟಿಗೆಯ ಸಣ್ಣ ಗುಂಡಿ, ಅದರಲ್ಲಿ ಒಂದು ಗುಂಡುಹಿಡಿಯ ವಾಲ್ವು. ಹುಲ್ಲಿಗೆ ತುಂತುರು ನೀರು ಬಿಡಲೆಂದು ಅವಳೇ ಹಾಕಿಸಿದ್ದು. ಇಬ್ಬರೂ ಹಿಡಿದು ತಿರುಗಿಸಿದೆವು. ಕದಲಲಿಲ್ಲ. ಬೆವರಿಗೆ ಅವಳ ಕೈ ಜಾರುತ್ತಿತ್ತು. ಸೆರಗು ಸುತ್ತಿ ಮತ್ತೆ ತಿರುಗಿಸಿದಳು. ನೆಲದಡಿಯಲ್ಲಿ ಏನೋ ಗೊರಗೊರ ಎಂದಿತು. ಆಮೇಲೆ ಹುಲ್ಲಿನ ಐದು ಕಡೆಯಿಂದ ನೀರು ಸುಯ್ಯೆಂದು ಚಿಮ್ಮಿತು.

ಹೊಸ ಬಟ್ಟೆ ಉಟ್ಟ ಜನ ಹೇಗೆ ಓಡುತ್ತಾರೆಂದು ಅವತ್ತು ನೋಡಿದೆ. ನಾಲ್ಕೂ ದಿಕ್ಕಿಗೆ ಚದುರಿ, ಕಿರುಚಿ, ಜಗಲಿ ಹತ್ತಿದರು. ಫೋಟೋದವನು ಕ್ಯಾಮೆರಾವನ್ನು ಮಗುವಿನ ಹಾಗೆ ಅಪ್ಪಿಕೊಂಡು ಓಡಿದ. ಅರೆಗಳಿಗೆಯಲ್ಲಿ ಹುಲ್ಲು ಖಾಲಿಯಾಯಿತು ಅಂದುಕೊಂಡೆವು. ಆಗಿರಲಿಲ್ಲ. ಮೂವರು ಮಕ್ಕಳಿಗೆ ಇದಕ್ಕಿಂತ ಚಂದದ ಆಟ ಸಿಕ್ಕಿರಲಿಲ್ಲ. ನೀರಿನ ಕೆಳಗೆ ಕೈ ಹಿಡಿದುಕೊಂಡು ಕುಣಿಯತೊಡಗಿದರು, ಒಂದೇ ಜಾಗದಲ್ಲಿ, ಎರಡೂ ಕಾಲೆತ್ತಿ ಎತ್ತಿ ಹಾಕಿ. ಕುರ್ಚಿಯಲ್ಲಿದ್ದ ಅಜ್ಜಿಯನ್ನು ಎಲ್ಲರೂ ಮರೆತೇ ಓಡಿದ್ದರು.

ದೊಡ್ಡಮ್ಮ ಗಟ್ಟಿ ದನಿಯಲ್ಲಿ ಕೂಗಿದಳು. “ಗೇಟು ಯಾರು ಮೊದ್ಲು ಮುಟ್ತಾರೋ ಅವ್ರಿಗೆ ಸ್ಕೂಟರ್ ಮೇಲೆ ಒಂದು ಸುತ್ತು!” ಮಕ್ಕಳು ಬಾಣದ ಹಾಗೆ ಹೊರಟರು. ಅವಳು ನನ್ನ ಕಡೆ ತಿರುಗಿ, “ನೀರು ನಿಲ್ಸು. ನೀರು ಕುಡಿದ್ರೆ ಮಣ್ಣು ಭಾರ ಆಗತ್ತೆ” ಎಂದಳು.

ನಾನು ವಾಲ್ವು ತಿರುಗಿಸಿ ವಾಪಸು ಬರುವಷ್ಟರಲ್ಲಿ ಡಾಕ್ಟರು “ಅಮ್ಮಾ” ಎನ್ನುತ್ತ ಹುಲ್ಲಿಗೆ ಇಳಿಯುತ್ತಿದ್ದರು. ದೊಡ್ಡಮ್ಮ ಅವರ ಅಂಗಿಯನ್ನು ಹಿಂದಿನಿಂದ ಎರಡೂ ಕೈಯಲ್ಲಿ ಹಿಡಿದಿದ್ದಳು. “ಕುರ್ಚಿ ಕಾಲು ನೋಡಿ ಸಾರ್. ನೋಡಿ ಅಂದೆ!” ಅಜ್ಜಿಯ ಕುರ್ಚಿಯ ಹಿಂದಿನ ಒಂದು ಕಾಲು ಗೇಣುದ್ದ ನೆಲದೊಳಗೆ ಇಳಿದಿತ್ತು. ಕುರ್ಚಿ ಓರೆಯಾಗಿತ್ತು. ಸುತ್ತ ಹುಲ್ಲು, ಅವರು ಫೋನಿನಲ್ಲಿ ಹೇಳಿದ್ದ ಹಾಗೆಯೇ, ತಟ್ಟೆಯಂತೆ ಕುಗ್ಗಿತ್ತು. ಡಾಕ್ಟರು ಅಲ್ಲೇ ನಿಂತರು. ಆಗ ಅವರಿಗೆ ಅರ್ಥವಾಯಿತು. ಅವರ ತುಟಿ ಬಿಳಿಚಿಕೊಂಡದ್ದು ನನಗೆ ಕಾಣಿಸಿತು.

“ಊಟದ ಮೇಜು ತನ್ನಿ. ಮೇಲಿನ ಹಲಗೆ ಸಾಕು. ಉದ್ದದ್ದು” ಎಂದಳು ದೊಡ್ಡಮ್ಮ.

ಇಬ್ಬರು ಗಂಡಸರು ತಟ್ಟೆ ಲೋಟಗಳನ್ನು ನೆಲಕ್ಕೆ ಸುರಿದು ಹಲಗೆ ಎತ್ತಿಕೊಂಡು ಬಂದರು. ಗಟ್ಟಿ ನೆಲದಿಂದ ಶುರುಮಾಡಿ ಕುರ್ಚಿಯ ಪಕ್ಕದವರೆಗೆ ಅದನ್ನು ಹುಲ್ಲಿನ ಮೇಲೆ ಜಾರಿಸಿದರು. ಯಾರು ಹೋಗುವುದೆಂಬ ಪ್ರಶ್ನೆ ಬಂತು. ಅಲ್ಲಿದ್ದವರಲ್ಲಿ ಹಗುರವಾದವಳು ನಾನು. ಚಪ್ಪಲಿ ಬಿಟ್ಟೆ. ದೊಡ್ಡಮ್ಮ ನನ್ನ ಮುಂದೆ ಬಂದು ನಿಂತಳು. ಆ ಕಣ್ಣನ್ನು ನಾನು ಮರೆತಿಲ್ಲ. “ನಿಂತಲ್ಲೇ ನಿಲ್ಲು. ನಾನು ಮುಚ್ಚಿದ್ದು ಅದು” ಎಂದಳು. ಎಂಬತ್ತು ಕೆಜಿಯ ನಮ್ಮ ದೊಡ್ಡಮ್ಮ ಸೆರಗು ಬಿಗಿದು ಹಲಗೆಯ ಮೇಲೆ ಬೋರಲಾಗಿ ಮಲಗಿದಳು, ಭಾರ ಒಂದೇ ಕಡೆ ಬೀಳದಿರಲೆಂದು. ಮೊಣಕೈ ಊರಿ, ಗೇಣು ಗೇಣಾಗಿ ಮುಂದೆ ತೆವಳಿದಳು. ಅವಳು ಅರ್ಧ ದಾರಿಗೆ ಹೋಗಿದ್ದಾಗ ಹಲಗೆಯ ಕೆಳಗೆ ಎಲ್ಲಿಯೋ ಕಲ್ಲು ಕಲ್ಲಿಗೆ ಉಜ್ಜಿದ ಸದ್ದಾಯಿತು. ಅವಳು ತೆವಳುವುದನ್ನು ನಿಲ್ಲಿಸಿದಳು. ಕಣ್ಣು ಮುಚ್ಚಿಕೊಂಡಳು. ಮತ್ತೆ ಮುಂದೆ ಹೋದಳು.

ಅಜ್ಜಿಗೆ ಏನೂ ಗೊತ್ತಿರಲಿಲ್ಲ. ಮೈಯೆಲ್ಲ ತೊಟ್ಟಿಕ್ಕುತ್ತ ಕೂತಿದ್ದರು. “ಯಾರೇ ನೀನು? ಎಂಬತ್ತು ತುಂಬಿದ್ದಕ್ಕೆ ಸ್ನಾನ ಮಾಡಿಸೋದಾದ್ರೆ ಬಿಸಿನೀರಲ್ಲಾದ್ರೂ ಮಾಡಿಸ್ಬಾರ್ದಾ?” ಎಂದರು.

“ಮಾಡಿಸ್ತೀನಮ್ಮ, ಒಳಗೆ ಬನ್ನಿ. ಹೀಗೆ ನನ್ನ ಕಡೆ ವಾಲಿ. ಏಳ್ಬೇಡಿ, ಜಾರಿ. ಮಗು ಜಾರುಬಂಡೆ ಜಾರತ್ತಲ್ಲ, ಹಾಗೆ.”

ಅಜ್ಜಿ ಹಲಗೆಯ ಮೇಲೆ ಜಾರಿ ಕೂತರು. ದೊಡ್ಡಮ್ಮ ಅವರ ಸೊಂಟವನ್ನು ತಬ್ಬಿಕೊಂಡಳು. ಈಚೆಯಿಂದ ಡಾಕ್ಟರೂ ಇನ್ನಿಬ್ಬರೂ ಹಲಗೆಯನ್ನೇ ಹಿಡಿದು ನಮ್ಮ ಕಡೆಗೆ ಎಳೆದರು. ಒದ್ದೆ ಹುಲ್ಲಿನ ಮೇಲೆ ಅದು ಸರಸರ ಜಾರಿ ಬಂತು. ಗಟ್ಟಿ ನೆಲಕ್ಕೆ ಬಂದ ಮೇಲೂ ದೊಡ್ಡಮ್ಮ ಅಜ್ಜಿಯನ್ನು ಬಿಡಲಿಲ್ಲ. ಬೆರಳು ಬಿಡಿಸಬೇಕಾಯಿತು.

ಭಯ ಇಳಿದ ಮೇಲೆ ಮಾತು ಶುರುವಾಯಿತು. ನೀರು ಬಿಟ್ಟವರು ಯಾರು, ಈ ಹೆಂಗಸು ಯಾರು, ಬಾವಿಯಂತೆ, ಬಾವಿ ಎಲ್ಲಿದೆ ತೋರಿಸಲಿ. ಅಷ್ಟರಲ್ಲಿ ಮೇಸ್ತ್ರಿ ಹಾರೆ ಹೊತ್ತುಕೊಂಡು ಬಂದ. ಹಲಗೆಯನ್ನು ಮತ್ತೆ ಜಾರಿಸಿ, ಅದರ ಮೇಲೆ ಮಂಡಿಯೂರಿ, ಕುರ್ಚಿ ಇದ್ದ ಕಡೆ ಹಾರೆಯಿಂದ ಒಂದು ಕುಕ್ಕಿದ. ಟಣ್ ಎಂದಿತು. ಒಂದು ಗೇಣು ಆಚೆ ಇನ್ನೊಂದು ಕುಕ್ಕಿದ. ಹಾರೆ ಅವನ ಕೈಯಿಂದ ಜಾರಿ ನೆಲದೊಳಗೆ ಹೋಗಿಯೇಬಿಟ್ಟಿತು. ಎಲ್ಲರೂ ಕಾದೆವು. ಬಹಳ ಕೆಳಗಿನಿಂದ ನೀರಿನ ಸದ್ದು ಬಂತು. ಮೇಸ್ತ್ರಿ ಹಿಂದಕ್ಕೆ ತೆವಳಿ ಗಟ್ಟಿ ನೆಲ ಸೇರಿದ್ದನೋ ಇಲ್ಲವೋ, ಹುಲ್ಲು ಸೀಳಿತು. ಪ್ಲಾಸ್ಟಿಕ್ ಕುರ್ಚಿ ಸಾವಕಾಶವಾಗಿ ಹಿಂದಕ್ಕೆ ಒರಗಿತು. ಆಮೇಲೆ ಕುರ್ಚಿ, ಮಣ್ಣು, ಚಪ್ಪಡಿಯ ತುಂಡು ಎಲ್ಲ ಒಟ್ಟಿಗೆ ಒಳಗೆ ಹೋದವು. ತಣ್ಣನೆಯ, ಹಳಸಿದ ಗಾಳಿಯೊಂದು ಮೇಲೆ ಬಂದು ಮುಖಕ್ಕೆ ತಾಗಿತು.

ಡಾಕ್ಟರ ಹೆಂಡತಿ ಗೇಟಿನ ಹತ್ತಿರದಿಂದ ಮಕ್ಕಳನ್ನು ಎಳೆದುಕೊಂಡು ಬಂದು, ಮೂವರನ್ನೂ ಒಂದೇ ಸಲ ತಬ್ಬಿಕೊಂಡು ನೆಲದ ಮೇಲೆ ಕೂತುಬಿಟ್ಟರು.

ಡಾಕ್ಟರು ಆ ತೂತಿನಿಂದ ದೊಡ್ಡಮ್ಮನ ಕಡೆ ತಿರುಗಿದರು. “ನಿಮಗೆ ಗೊತ್ತಿತ್ತು” ಎಂದರು.

“ಗೊತ್ತಿತ್ತು ಸಾರ್.”

“ಹದಿನಾಲ್ಕು ವರ್ಷ.”

“ಹದಿನಾಲ್ಕು ವರ್ಷ.”

“ಗುಲಾಬಿ ನೆಟ್ಟು ಸುಮ್ಮನಾದ್ರಾ?”

ಮೇಸ್ತ್ರಿ ಏನೋ ಹೇಳಲು ಬಾಯಿ ತೆರೆದ. ದೊಡ್ಡಮ್ಮ ಕೈಯೆತ್ತಿ ತಡೆದಳು. ಮಾಸ್ತರ ಹೆಸರೂ ಎತ್ತಲಿಲ್ಲ, ಮಳೆಯ ಮಾತೂ ಆಡಲಿಲ್ಲ. “ತಪ್ಪು ನನ್ನದೇ ಸಾರ್” ಎಂದಳು. ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತೆಂದು ಅವಳು ಆಮೇಲೆ ಎಷ್ಟೋ ಸಲ ಹೇಳಿದ್ದಾಳೆ.

ಬಾವಿ ತುಂಬಿಸಲು ಮೂರು ದಿನ ಹಿಡಿಯಿತು. ಕಲ್ಲು, ಜಲ್ಲಿ, ಮಣ್ಣು, ಹದಿನೆಂಟು ಲಾರಿ. ಮೂರು ದಿನವೂ ದೊಡ್ಡಮ್ಮ ಬೆಳಿಗ್ಗೆ ಹೋಗಿ ಸಂಜೆಯವರೆಗೆ ಬಾಯಿಯ ಹತ್ತಿರ ನಿಂತು, ಪ್ರತಿ ಪದರವೂ ಗಟ್ಟಿಯಾಗಿ ಕೂರುವಂತೆ ದಿಮ್ಮಸು ಬಡಿಸಿ, ನೀರು ಹಾಕಿಸಿ, ಮತ್ತೆ ಬಡಿಸಿದಳು. ಡಾಕ್ಟರು ಅವಳನ್ನು ಒಂದು ದಿನವೂ ಕೂರಿ ಅನ್ನಲಿಲ್ಲ. ಅಜ್ಜಿ ಮಾತ್ರ ಕಿಟಕಿಯಲ್ಲಿ ಕೂತು, “ಏ ಸ್ನಾನದವಳೇ, ಟೀ ಕುಡೀತೀಯೇನೇ?” ಎಂದು ಕೂಗುತ್ತಿದ್ದರು. ತೋಟದ ಮುಂದಿನ ಕೆಲಸವನ್ನು ಆ ಮನೆಯವರು ಬೇರೆ ಯಾರಿಗೋ ಕೊಟ್ಟರು.

ನಾಲ್ಕನೆಯ ದಿನ ಅವಳು ಟ್ರಂಕಿನಲ್ಲಿದ್ದ ನಕ್ಷೆಗಳನ್ನೆಲ್ಲ ನೆಲದ ಮೇಲೆ ಹರಡಿದಳು. ಅರವತ್ತಮೂರು ಮನೆ. ಪ್ರತಿ ರಜಾದಿನವೂ ನಾನು ಸ್ಕೂಟರು ಓಡಿಸಿದೆ. ಅವಳು ಹಿಂದೆ ಒಂದು ಕಬ್ಬಿಣದ ಸಲಾಕೆ ಹಿಡಿದು ಕೂತಳು. ಅರ್ಧಕ್ಕರ್ಧ ಮನೆಗಳಲ್ಲಿ ಬೇರೆಯವರಿದ್ದರು. “ನಿಮ್ಮ ತೋಟ ನಾನೇ ಮಾಡಿಸಿದ್ದು, ಒಂದ್ಸಲ ನೆಲ ತಟ್ಟಿ ನೋಡ್ಬೇಕು” ಎಂದರೆ ಕೆಲವರು ನಕ್ಕರು, ಕೆಲವರು ನಾಯಿ ಬಿಟ್ಟರು. ಏಳು ತಿಂಗಳು ಹಿಡಿಯಿತು. ಒಂದು ಮನೆಯಲ್ಲಿ ಮಕ್ಕಳ ಉಯ್ಯಾಲೆಯ ಪಕ್ಕದಲ್ಲೇ ಹಳೆಯ ಮಲದ ಗುಂಡಿಯ ಮುಚ್ಚಳ ಬಿರುಕು ಬಿಟ್ಟಿತ್ತು. ಅದನ್ನು ನೋಡಿದ ದಿನ ಅವಳು ಮನೆಗೆ ಬಂದು ಊಟ ಮಾಡಲಿಲ್ಲ. ಉಳಿದವು ಸರಿಯಾಗಿದ್ದವು.

ಅಲ್ಲಿಂದಾಚೆ ಅವಳು ಬರೆದ ಪ್ರತಿ ನಕ್ಷೆಗೂ ಎರಡು ಹಾಳೆ. ಮೇಲಿನದರಲ್ಲಿ ಗಿಡ, ದಾರಿ, ಹುಲ್ಲು. ಕೆಳಗಿನದರಲ್ಲಿ ನೆಲದಡಿ ಇರುವುದು: ಪೈಪು, ತಂತಿ, ಗುಂಡಿ, ಯಾವ ಕಾಲದ್ದೋ ಕಟ್ಟೆ. ಆ ಎರಡನೆಯ ಹಾಳೆಗೆ ಕಟ್ಟು ಹಾಕಿಸಿ, ಮನೆಯ ಕರೆಂಟು ಮೀಟರಿನ ಪೆಟ್ಟಿಗೆಯೊಳಗೆ ತಾನೇ ಮೊಳೆ ಹೊಡೆದು ನೇತುಹಾಕಿ ಬರುವಳು. ಮನೆ ಯಾರ ಕೈಗೆ ಹೋದರೂ ಮೀಟರು ಅಲ್ಲೇ ಇರುತ್ತದಲ್ಲ ಎನ್ನುವಳು. ಹೋದ ವರ್ಷ ಒಬ್ಬ ಹೊಸ ಮದುವೆಯ ಗಂಡ ಹೆಂಡತಿ, “ಮೊದಲು ಹೂವಿನ ಚಿತ್ರ ತೋರಿಸಿ, ಈ ಗುಂಡಿ ಗಿಂಡಿ ಎಲ್ಲ ಯಾಕೆ” ಎಂದರು. ಸುರುಳಿ ಸುತ್ತಿಕೊಂಡು ಎದ್ದು ಬಂದಳು.

ಈಗ ಅವಳಿಗೆ ಎಪ್ಪತ್ತು. ನನ್ನ ಮನೆಯ ಅಂಗಳವನ್ನೂ ಅವಳೇ ಮಾಡಿಸಿಕೊಟ್ಟಿದ್ದಾಳೆ. ಹುಲ್ಲು ಹಾಸುವ ಮುಂಚೆ ನಾಲ್ಕು ಕಡೆ ಆಳುದ್ದ ಅಗೆಸಿ, ಗಟ್ಟಿ ಕೆಂಪು ಮಣ್ಣನ್ನು ತಾನೇ ಮುಷ್ಟಿಯಲ್ಲಿ ಹಿಚುಕಿ ನೋಡಿದ್ದಾಳೆ. ಆದರೂ ಬಂದಾಗಲೆಲ್ಲ ಹುಲ್ಲಿನ ನಡುವೆ ನಡೆಯುವುದಿಲ್ಲ. ಗೇಟಿನಿಂದ ಗೋಡೆಯ ಪಕ್ಕದಲ್ಲೇ, ಒಂದು ಕೈ ಗೋಡೆಗೆ ತಾಗಿಸಿಕೊಂಡು, ಸುತ್ತು ಬಳಸಿ ಬರುತ್ತಾಳೆ. ಅವಳ ಚೀಲ ಇಸಿದುಕೊಂಡು ನಾನೂ ಗೋಡೆಯ ಪಕ್ಕದಲ್ಲೇ ಅವಳ ಹಿಂದೆ ನಡೆದು ಬರುತ್ತೇನೆ.